ರಣಧೀರ ಕಂಠೀರವ

ವಿದ್ಯೆಯೆಂದೊಡನೆ ಓದುಬರಹಗಳೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಮೈಯನ್ನು ದಂಡಿಸಿ, ಗುರುವಿನ ಕಣ್ಣೆದುರಿನಲ್ಲಿ ಮತ್ತೆ ಮತ್ತೆ ಮಾಡಿ ಕಲಿಯಬೇಕಾದ ವಿದ್ಯೆಗಳೂ ಇವೆ. ಅಂತಹ ವಿದ್ಯೆಗಳಲ್ಲಿ ಮಲ್ಲವಿದ್ಯೆಯು ಬಹು ಪ್ರಾಚೀನವಾದುದು. ಹಳೆಯ ಮೈಸೂರು ಸೀಮೆಯಲ್ಲಿ ಗರಡಿಮನೆಯಿಲ್ಲದ ಊರು ವಿರಳವಾಗಿತ್ತು. ತುಮಕೂರು, ಗುಬ್ಬಿ, ಕುಣಿಗಲುಗಳಂತಹ ಊರುಗಳಲ್ಲಿ ತರುಣರು ನಸುಕಿನಲ್ಲಿಯೇ ಎದ್ದು, ಹನುಮಂತನಿಗೆ ನಮಸ್ಕರಿಸಿ, ಗರಡಿಯ ಕೆಮ್ಮಣ್ಣನ್ನು ಮೈಗೆ ಬಳಿದುಕೊಂಡು ಸಾಮು ಮಾಡುತ್ತಿದ್ದ ಕಾಲವೊಂದಿತ್ತು. ಆ ಗರಡಿಗಳಲ್ಲಿ ಆದರ್ಶವೆಂದು ಹಿರಿಯರು ಕಿರಿಯರಿಗೆ ಹೇಳುತ್ತಿದ್ದ ಹೆಸರುಗಳಲ್ಲಿ ಒಬ್ಬ ಅರಸನ ಹೆಸರೂ ಸೇರಿತ್ತು. ಆತನೇ ಮೈಸೂರಿನ ದೊರೆ ರಣಧೀರ ಕಂಠೀರವ ನರಸರಾಜ ಒಡೆಯ.

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆಗೆ ದೀರ್ಘವಾದ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ವಯಸ್ಸು ಮತ್ತು ಬಲಗಳಿಗೆ ಅನುಸಾರವಾಗಿ ಮಲ್ಲರನ್ನು ಹೇಗೆ ವಿಂಗಡಿಸಬೇಕು, ಅವರಿಗೆ ಎಂತಹ ಆಹಾರವನ್ನು ಕೊಡಬೇಕು, ಅವರು ಯಾವ ಯಾವ ಪಟ್ಟುಗಳನ್ನು ಅಭ್ಯಾಸ ಮಾಡಬೇಕು ಎಂಬ ವಿಚಾರಗಳು ಅಲ್ಲಿ ವಿವರವಾಗಿ ಬಂದಿವೆ. ಮುಂದೆ ವಿಜಯನಗರದ ಅರಸರು ಮಹಾನವಮಿಯ ಉತ್ಸವದಲ್ಲಿ ಮಲ್ಲಕಾಳಗವನ್ನು ಏರ್ಪಡಿಸುತ್ತಿದ್ದರು. ಕೃಷ್ಣದೇವರಾಯನ ಕಾಲದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸನು ಆ ಕಾಳಗಗಳ ಉಗ್ರತೆಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಈ ವಿದ್ಯೆಯನ್ನೇ ಕುಲವೃತ್ತಿಯಾಗಿ ಉಳಿಸಿಕೊಂಡು ಬಂದವರು ಜಟ್ಟಿಗಳು. ವಿಜಯನಗರದ ವೈಭವವು ಅಳಿದ ಮೇಲೆ ಅದರ ಸಂಪ್ರದಾಯಗಳಲ್ಲಿ ಹಲವು ಮೈಸೂರಿನ ಒಡೆಯರ ಆಶ್ರಯದಲ್ಲಿ ಬಾಳಿದವು. ಮಲ್ಲವಿದ್ಯೆಯೂ ಅವುಗಳಲ್ಲಿ ಒಂದು.

ಗರಡಿಯಲ್ಲಿ ವಿದ್ಯೆಯನ್ನು ಕಲಿಸುವ ಕ್ರಮವು ವಿಶಿಷ್ಟವಾದುದು. ಅಲ್ಲಿಗೆ ಸೇರಿದ ಹುಡುಗನು ಮೊದಲ ದಿನವೇ ಎದುರಾಳಿಯ ಮೇಲೆ ಬೀಳುವಂತಿಲ್ಲ. ಮಣ್ಣನ್ನು ಅಗೆದು ಹದಮಾಡುವುದು, ದಂಡೆ ಬಸ್ಕಿಗಳನ್ನು ಹೊಡೆಯುವುದು, ಗದೆ ತಿರುಗಿಸುವುದು, ಗುಂಡುಕಲ್ಲನ್ನು ಎತ್ತುವುದು, ಇವು ಅವನ ಮೊದಲ ಪಾಠಗಳು. ಮೈಯು ಪಳಗಿದ ಮೇಲೆ ಕೈವರಸೆಯ ಅಭ್ಯಾಸ ಮೊದಲಾಗುತ್ತದೆ. ಕಾಲನ್ನು ಎಲ್ಲಿ ಊರಬೇಕು, ಒಂದು ಕೈ ಮುಂದೆ ಹೋದಾಗ ಇನ್ನೊಂದು ಕೈ ಎಲ್ಲಿರಬೇಕು, ದೃಷ್ಟಿ ಎತ್ತ ನೆಟ್ಟಿರಬೇಕು ಎಂಬುದನ್ನು ಗೊತ್ತಾದ ಒಂದು ಸಾಲಿನಲ್ಲಿ ಕಲಿಸುವುದೇ ವರಸೆ. ಪ್ರತಿಯೊಂದು ಪಟ್ಟಿಗೂ ಅದನ್ನು ಬಿಡಿಸಿಕೊಳ್ಳುವ ಪ್ರತಿಪಟ್ಟು ಇರುತ್ತದೆ. ಮೊದಲು ನಿಧಾನವಾಗಿ, ಬಳಿಕ ವೇಗವಾಗಿ, ಕೊನೆಗೆ ಯೋಚಿಸದೆಯೇ ಕೈ ತಾನಾಗಿ ಚಲಿಸುವಷ್ಟು ಸಹಜವಾಗಿ ಅವನ್ನು ರೂಢಿಸಿಕೊಳ್ಳಬೇಕು. ಕೋಪ ಬಂದವನು ವರಸೆಯನ್ನು ತಪ್ಪುತ್ತಾನೆ. ವರಸೆ ತಪ್ಪಿದವನು ಸೋಲುತ್ತಾನೆ. ಹೀಗಾಗಿ ಕೈಯ ಶಿಕ್ಷಣವು ಮನಸ್ಸಿನ ಶಿಕ್ಷಣವೂ ಆಗುತ್ತದೆ.

ಇಂತಹ ಶಿಕ್ಷಣವನ್ನು ಇತರ ದೇಶಗಳಲ್ಲಿಯೂ ಕಾಣಬಹುದು. ಚೀನ ದೇಶದ ಹೋರಾಟದ ಕಲೆಗಳಲ್ಲಿ ಬರಿಗೈಯ ಭಂಗಿಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿ, ಗುರುವಿನಿಂದ ಶಿಷ್ಯನಿಗೆ ಕೈದಾಟಿಸುವ ಪದ್ಧತಿ ಬಹುಕಾಲದಿಂದ ಬಂದಿದೆ. 16ನೆಯ ಶತಮಾನದಲ್ಲಿ ಮಿಂಗ್ ಅರಸರ ಸೇನಾಪತಿಯಾಗಿದ್ದ ಛೀ ಜಿಗ್ವಾಂಗನು ತನ್ನ ಯುದ್ಧಶಾಸ್ತ್ರ ಗ್ರಂಥದಲ್ಲಿ ಅಂತಹ 32 ಭಂಗಿಗಳನ್ನು ಚಿತ್ರಸಹಿತವಾಗಿ ವಿವರಿಸಿದ್ದಾನೆ. ದೊಡ್ಡ ಯುದ್ಧದಲ್ಲಿ ಬರಿಗೈಯ ವಿದ್ಯೆಯು ನೇರವಾಗಿ ಉಪಯೋಗಕ್ಕೆ ಬಾರದಿದ್ದರೂ, ಕೈಕಾಲುಗಳನ್ನು ಪಳಗಿಸುವುದಕ್ಕೆ ಅದೇ ಸಾಧನ, ಹೊಸಬನು ಯುದ್ಧವಿದ್ಯೆಯನ್ನು ಪ್ರವೇಶಿಸುವುದಕ್ಕೆ ಅದೇ ಮೊದಲ ಬಾಗಿಲು ಎಂಬುದು ಅವನ ಅಭಿಪ್ರಾಯವಾಗಿತ್ತು. ಕಂಠೀರವನ ಜೀವನವನ್ನು ನೋಡಿದರೆ ಈ ಮಾತಿನ ಸತ್ಯವು ನಮಗೆ ಮನವರಿಕೆಯಾಗುತ್ತದೆ. ಗರಡಿಯ ಬಾಗಿಲಿನಿಂದ ಒಳಹೊಕ್ಕ ಆತನು ಅಲ್ಲಿಗೇ ನಿಲ್ಲಲಿಲ್ಲ.

ಕಂಠೀರವನು ಹುಟ್ಟಿದುದು 1615ರಲ್ಲಿ. ಆತನ ತಂದೆ ಬೆಟ್ಟದ ಚಾಮರಾಜ ಒಡೆಯ. ಶ್ರೀರಂಗಪಟ್ಟಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು 1610ರಲ್ಲಿ ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದ ರಾಜ ಒಡೆಯನು ಬೆಟ್ಟದ ಚಾಮರಾಜನ ಅಣ್ಣ. ಅದು ವಿಜಯನಗರದ ಆಳ್ವಿಕೆಯು ಕುಸಿಯುತ್ತಿದ್ದ ಕಾಲ. ಕನ್ನಡ ನಾಡು ಹಲವು ಪಾಳೆಯಪಟ್ಟುಗಳಾಗಿ ಒಡೆದಿತ್ತು. ಬೆಂಗಳೂರು, ಮಾಗಡಿಗಳು ಕೆಂಪೇಗೌಡನ ವಂಶದವರ ಕೈಯಲ್ಲಿದ್ದವು. ಕುಣಿಗಲ್ ಸೀಮೆಯ ಹುತ್ರಿದುರ್ಗವು ಆ ವಂಶದವರು ಭದ್ರಪಡಿಸಿದ ಕೋಟೆಗಳಲ್ಲಿ ಒಂದು. ಗುಬ್ಬಿಯ ಕಡೆ ಹೊಸಹಳ್ಳಿಯ ಗೌಡರು ಬಲಗೊಂಡಿದ್ದರು. ಇಂದು ಸ್ನೇಹಿತನಾದವನು ನಾಳೆ ಶತ್ರುವಾಗುತ್ತಿದ್ದ ಆ ದಿನಗಳಲ್ಲಿ ಕತ್ತಿ ಹಿಡಿಯಲು ಬಾರದ ಅರಸುಮಗನಿಗೆ ಉಳಿವಿರಲಿಲ್ಲ. ಓದುಬರಹದೊಡನೆ ಕುದುರೆಸವಾರಿ, ಕತ್ತಿವರಸೆ, ಮಲ್ಲಯುದ್ಧಗಳೂ ರಾಜಕುಮಾರರ ಶಿಕ್ಷಣದಲ್ಲಿ ಸೇರಿದ್ದವು. ಕಂಠೀರವನಾದರೋ ಇವುಗಳಲ್ಲಿ ಅಸಾಧಾರಣವಾದ ಪ್ರಾವೀಣ್ಯವನ್ನು ಪಡೆದನು. ಸಿಂಹಾಸನವನ್ನು ಏರುವ ಮೊದಲು ಆತನು ಈಗಿನ ಚಾಮರಾಜನಗರ ಜಿಲ್ಲೆಗೆ ಸೇರಿದ ತೆರಕಣಾಂಬಿಯಲ್ಲಿ ಸಾಮಾನ್ಯನಂತೆ ವಾಸವಾಗಿದ್ದನು. ಅಲ್ಲಿದ್ದಾಗ ನಡೆಯಿತೆಂದು ಹೇಳುವ ಒಂದು ಪ್ರಸಂಗವು ಆತನ ಹೆಸರನ್ನು ಮನೆಮಾತಾಗಿ ಮಾಡಿದೆ.

ಒಮ್ಮೆ ತೆರಕಣಾಂಬಿಗೆ ಪರಸ್ಥಳದ ಬ್ರಾಹ್ಮಣನೊಬ್ಬನು ಬಂದನಂತೆ. ಕಂಠೀರವನು ಆತನನ್ನು ಆದರದಿಂದ ಸತ್ಕರಿಸಿದನು. ಮಾತಿನ ನಡುವೆ ಆ ಅತಿಥಿಯು ಮಧುರೆಯ ನಾಯಕರಿಗೆ ಸೇರಿದ ತಿರುಚಿರಾಪಳ್ಳಿಯಲ್ಲಿ ಇದ್ದ ಒಬ್ಬ ಮಲ್ಲನ ವಿಷಯವನ್ನು ತಿಳಿಸಿದನು. ಆ ಮಲ್ಲನನ್ನು ಸೋಲಿಸುವವರು ಯಾರೂ ಇರಲಿಲ್ಲ. ಗೆಲುವಿನ ಮದವು ಅವನ ತಲೆಗೆ ಏರಿತ್ತು. ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗುಹಾಕಿಸಿ, ಊರೊಳಗೆ ಬರುವ ವೀರರೆಲ್ಲರೂ ಅದರ ಕೆಳಗೆ ತಲೆತಗ್ಗಿಸಿ ನಡೆಯುವಂತೆ ಅವನು ಮಾಡಿದ್ದನೆಂದು ಜನರು ಹೇಳುತ್ತಾರೆ. ಕಂಠೀರವನು ಯಾರಿಗೂ ತಿಳಿಸದೆ, ವೇಷವನ್ನು ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೊರಟನು. ಅಲ್ಲಿಯ ದೊರೆಯ ಸಮ್ಮುಖದಲ್ಲಿ, ನೆರೆದ ಜನರ ನಡುವೆ ಆ ಮಲ್ಲನನ್ನು ಕಾಳಗಕ್ಕೆ ಕರೆದನು. ಹೆಸರಿಲ್ಲದ ಈ ತರುಣನನ್ನು ಕಂಡು ಸಭೆಯವರು ಕನಿಕರಪಟ್ಟಿರಬೇಕು. ಆದರೆ ಕಾಳಗವು ಮುಗಿದಾಗ ನೆಲಕ್ಕೆ ಬಿದ್ದವನು ತಿರುಚಿರಾಪಳ್ಳಿಯ ಮಲ್ಲ. ದೊರೆಯು ಗೆದ್ದವನಿಗೆ ಬಹುಮಾನವನ್ನು ಕೊಡಲು ಮುಂದಾದನು. ಕಂಠೀರವನು ಅದಕ್ಕಾಗಿ ಕಾಯಲಿಲ್ಲ. ತಾನು ಯಾರೆಂಬುದನ್ನು ಬರೆದಿಟ್ಟು, ರಾತ್ರಿಯಲ್ಲಿಯೇ ಊರನ್ನು ಬಿಟ್ಟು ಬಂದನು.

ಈ ಪ್ರಸಂಗವನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಘಟನೆಗೂ ಗ್ರಂಥಕ್ಕೂ ನಡುವೆ 170ಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಬಾಯಿಂದ ಬಾಯಿಗೆ ಬಂದ ಕಥೆಯಲ್ಲಿ ಕಾಲಕ್ರಮದಲ್ಲಿ ಬಣ್ಣವು ಏರುವುದು ಸಹಜ. ಆದರೂ ಜನರು ಈ ಕಥೆಯನ್ನು ತಲೆಮಾರುಗಳವರೆಗೆ ಏಕೆ ಕಾಪಾಡಿಕೊಂಡು ಬಂದರೆಂಬುದನ್ನು ವಿಚಾರಿಸಬೇಕು. ಇಬ್ಬರೂ ಬಲಶಾಲಿಗಳೇ, ಇಬ್ಬರೂ ಗರಡಿಯಲ್ಲಿ ಕಲಿತವರೇ. ಒಬ್ಬನು ತನ್ನ ವಿದ್ಯೆಯನ್ನು ಇತರರನ್ನು ತಲೆಬಾಗಿಸಲು ಬಳಸಿದನು. ಇನ್ನೊಬ್ಬನು ತಲೆಬಾಗಿದವರು ತಲೆಯೆತ್ತುವಂತೆ ಬಳಸಿದನು. ಅರಸುಮಗನೆಂಬ ಹಿರಿಮೆಯನ್ನು ಮರೆಸಿಟ್ಟು, ತನ್ನ ಕೈಯ ವಿದ್ಯೆಯೊಂದನ್ನೇ ನಂಬಿ ಹೋದುದೂ, ಬಹುಮಾನಕ್ಕೆ ಆಸೆಪಡದೆ ಹಿಂದಿರುಗಿದುದೂ ಜನರ ಮನಸ್ಸನ್ನು ಗೆದ್ದವು.

ಇತ್ತ ಶ್ರೀರಂಗಪಟ್ಟಣದ ಅರಮನೆಯಲ್ಲಿ ಬೇರೊಂದು ಬಗೆಯ ಕಾಳಗವು ನಡೆದಿತ್ತು. 1637ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ರಾಜ ಒಡೆಯನು ಸ್ವತಂತ್ರವಾಗಿ ಆಳಲು ಬಯಸಿದನು. ದಳವಾಯಿ ವಿಕ್ರಮರಾಯನಿಗೆ ಇದು ಹಿಡಿಸಲಿಲ್ಲ. ಅಧಿಕಾರವೆಲ್ಲವೂ ತನ್ನ ಕೈಯಲ್ಲಿಯೇ ಇರಬೇಕೆಂಬ ಆಸೆಯಿಂದ ಆತನು ವರ್ಷ ತುಂಬುವ ವೇಳೆಗೆ ಅರಸನಿಗೆ ವಿಷವನ್ನು ಕೊಡಿಸಿ ಕೊಲ್ಲಿಸಿದನು. ಸತ್ತ ಅರಸನ ದಾಯಾದಿ ಸೋದರನಾದ ಕಂಠೀರವನಿಗೆ 1638ರಲ್ಲಿ ಪಟ್ಟವಾಯಿತು. ಆಗ ಆತನಿಗೆ 23 ವರ್ಷ. ಹಿಂದಿನ ಅರಸನಿಗೆ ಆದ ಗತಿ ತನಗೂ ಆಗಬಹುದೆಂಬುದನ್ನು ಆತನು ಬಲ್ಲವನಾಗಿದ್ದನು. ಗರಡಿಯ ಕಣದಲ್ಲಿ ಎದುರಾಳಿಯು ಕಣ್ಣಿಗೆ ಕಾಣುತ್ತಾನೆ. ಹಿರಿಯರು ನ್ಯಾಯ ನೋಡುತ್ತಾರೆ. ಅರಮನೆಯಲ್ಲಿ ಎದುರಾಳಿಯು ನಮಸ್ಕರಿಸುತ್ತಲೇ ವಿಷವನ್ನು ಬೆರೆಸಬಲ್ಲನು. ಕಂಠೀರವನು ಕಾಲಹರಣ ಮಾಡದೆ, ತನ್ನ ನಂಬಿಕೆಯ ಸೇವಕರಿಂದ ವಿಕ್ರಮರಾಯನನ್ನು ಕೊಲ್ಲಿಸಿದನು. ವಿಚಾರಣೆಯಿಲ್ಲದೆ ನಡೆದ ಈ ಕೊಲೆಯನ್ನು ಇಂದಿನ ನ್ಯಾಯದ ದೃಷ್ಟಿಯಿಂದ ಒಪ್ಪಲಾಗದು. ಆದರೆ ಅರಸನನ್ನೇ ಕೊಂದವನು ಸೈನ್ಯದ ಒಡೆಯನಾಗಿಯೇ ಇದ್ದ ಆ ರಾಜ್ಯದಲ್ಲಿ ಹೊಸ ಅರಸನ ಪ್ರಾಣವು ಎಷ್ಟು ಅಪಾಯದಲ್ಲಿತ್ತೆಂಬುದನ್ನೂ ನಾವು ಮರೆಯಬಾರದು. ಅಂದಿನಿಂದ ಮೈಸೂರಿನ ಆಡಳಿತವು ಅರಸನ ಕೈಗೆ ಬಂದಿತು.

ಒಳಗಿನ ಶತ್ರುವು ಅಳಿದನೆನ್ನುವಷ್ಟರಲ್ಲಿ ಹೊರಗಿನ ಶತ್ರುವು ಬಂದನು. ಬಿಜಾಪುರದ ಸುಲ್ತಾನನ ಸೇನಾಪತಿ ರಣದುಲ್ಲಾಖಾನನು ದೊಡ್ಡ ಸೈನ್ಯದೊಡನೆ ದಕ್ಷಿಣಕ್ಕೆ ನುಗ್ಗಿದನು. 1638ರಲ್ಲಿ ತುಮಕೂರಿನ ಉತ್ತರಕ್ಕಿರುವ ಶಿರಾ ಅವನ ವಶವಾಯಿತು. ಕೆಂಪೇಗೌಡನ ವಂಶದವರು ಬೆಂಗಳೂರನ್ನು ಕಳೆದುಕೊಂಡರು. ಹಾದಿಯಲ್ಲಿದ್ದ ಪಾಳೆಯಗಾರರು ಒಬ್ಬೊಬ್ಬರಾಗಿ ಮಣಿದರು. ಮರುವರ್ಷದ ಆರಂಭದಲ್ಲಿ ಬಿಜಾಪುರದ ಸೈನ್ಯವು ಶ್ರೀರಂಗಪಟ್ಟಣದ ಮುಂದೆ ಬಂದು ನಿಂತಿತು. ಪಟ್ಟಕ್ಕೆ ಬಂದು ಕೆಲವೇ ತಿಂಗಳುಗಳಾಗಿದ್ದ ಕಂಠೀರವನಿಗೆ ಇದು ಕಠಿಣವಾದ ಪರೀಕ್ಷೆಯಾಗಿತ್ತು. ಎದುರಾಳಿಯ ಸೈನ್ಯವು ಬಲವಾದುದು, ಯುದ್ಧದಲ್ಲಿ ಪಳಗಿದುದು. ಶ್ರೀರಂಗಪಟ್ಟಣಕ್ಕೆ ಕಾವೇರಿಯೇ ಕಂದಕ, ಕೋಟೆಯೇ ಕವಚ. ಮುತ್ತಿಗೆಯು ಬಿರುಸಾಗಿ, ಕೋಟೆಯ ಗೋಡೆಗೆ ಅಪಾಯ ಒದಗಿದಾಗಲೂ ಮೈಸೂರಿನವರು ಎದೆಗುಂದಲಿಲ್ಲ. ಒಳನುಗ್ಗಿದವರನ್ನು ತಡೆದು ಹಿಂದಕ್ಕೆ ಅಟ್ಟಿದರು. ಬಳಿಕ ರಾತ್ರಿಯ ವೇಳೆ ಶತ್ರುವಿನ ಪಾಳೆಯದ ಮೇಲೆ ಬಿದ್ದು ಅಪಾರವಾದ ಹಾನಿಯನ್ನು ಉಂಟುಮಾಡಿದರು. ರಣದುಲ್ಲಾಖಾನನು ಮುತ್ತಿಗೆಯನ್ನು ತೆಗೆದು ಹಿಂದಿರುಗಬೇಕಾಯಿತು.

ಗರಡಿಯಲ್ಲಿ ಕಲಿಸುವ ಮೊದಲ ಪಾಠವೊಂದಿದೆ. ತನಗಿಂತ ಭಾರವಾದ ಎದುರಾಳಿಯನ್ನು ನೂಕಿ ಗೆಲ್ಲಲಾಗದು. ಅವನ ಬಲವನ್ನು ತಾಳಿಕೊಂಡು, ಅವನು ದಣಿದು ತೂಕ ತಪ್ಪಿದ ಗಳಿಗೆಯಲ್ಲಿ ಪಟ್ಟು ಹಾಕಬೇಕು. 1639ರ ಮುತ್ತಿಗೆಯಲ್ಲಿ ಕಂಠೀರವನು ಅನುಸರಿಸಿದ ರೀತಿಯು ಇದಕ್ಕೆ ಒಪ್ಪುವಂತಿದೆ. ಬಯಲಿಗೆ ಇಳಿದು ಪೌರುಷವನ್ನು ಮೆರೆಯುವ ಆತುರವನ್ನು ಆತನು ತೋರಲಿಲ್ಲ. ಕೋಟೆಯೊಳಗಿದ್ದು ಪೆಟ್ಟನ್ನು ತಾಳಿಕೊಂಡನು. ಕಾಲ ಬಂದಾಗ ಪೆಟ್ಟು ಕೊಟ್ಟನು. ಬೆಂಗಳೂರು ಬಿಜಾಪುರದವರ ಪಾಲಾಗಿ ಷಹಾಜಿಯ ಜಹಗೀರಾದರೂ ಶ್ರೀರಂಗಪಟ್ಟಣವು ಉಳಿಯಿತು. ಅದು ಉಳಿದುದರಿಂದಲೇ ಮುಂದಿನ ಮೈಸೂರು ರಾಜ್ಯವು ಬೆಳೆಯಲು ಸಾಧ್ಯವಾಯಿತು.

ಕಂಠೀರವನ ಮೈಬಲದ ಇನ್ನೊಂದು ಕಥೆಯೂ ಪ್ರಚಾರದಲ್ಲಿದೆ. ತಮ್ಮ ಮಲ್ಲನ ಸೋಲನ್ನು ಮರೆಯದ ತಿರುಚಿರಾಪಳ್ಳಿಯವರು ಕೊಲೆಗಾರರ ಗುಂಪೊಂದನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದರೆಂದೂ, ಅರಮನೆಯೊಳಗೆ ತನ್ನ ಮೇಲೆ ಬಿದ್ದ ಅವರನ್ನು ಅರಸನು ಒಬ್ಬನೇ ಎದುರಿಸಿ ನಿಂತನೆಂದೂ ಹೇಳುತ್ತಾರೆ. ಅದು ಹೇಗೇ ಇರಲಿ, ಆತನ ಆಳ್ವಿಕೆಯು ಯುದ್ಧಗಳಿಂದ ತುಂಬಿತ್ತೆಂಬುದು ನಿಜ. ದಕ್ಷಿಣದಲ್ಲಿ ಮಧುರೆಯ ನಾಯಕರೊಡನೆಯೂ ಪಶ್ಚಿಮದಲ್ಲಿ ಪಿರಿಯಾಪಟ್ಟಣದ ಚಂಗಾಳ್ವರೊಡನೆಯೂ ಆತನು ಹೋರಾಡಿ ರಾಜ್ಯವನ್ನು ವಿಸ್ತರಿಸಿದನು. ರಣಧೀರನೆಂಬ ಬಿರುದು ಆತನ ಹೆಸರಿನೊಡನೆ ಬೆರೆತುಹೋಯಿತು.

ಆದರೆ ರಾಜ್ಯವನ್ನು ಗೆಲ್ಲುವುದಕ್ಕಿಂತ ಗೆದ್ದ ರಾಜ್ಯವನ್ನು ನಡೆಸುವುದು ಕಷ್ಟ. ಕಂಠೀರವನು ಈ ಕಾರ್ಯದಲ್ಲಿಯೂ ಹಿಂದುಳಿಯಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ ತನ್ನ ಹೆಸರಿನಲ್ಲಿ ಚಿನ್ನದ ನಾಣ್ಯಗಳನ್ನು ಅಚ್ಚುಹಾಕಿಸಿದನು. ಕಂಠೀರಾಯಿ ಹಣವೆಂದು ಹೆಸರಾದ ಆ ನಾಣ್ಯವು ಬೆರಳಿನ ಉಗುರಿಗಿಂತಲೂ ಚಿಕ್ಕದು. ಹತ್ತು ಹಣಗಳಿಗೆ ಒಂದು ಕಂಠೀರಾಯಿ ವರಹವೆಂಬ ಲೆಕ್ಕವು ರೂಢಿಗೆ ಬಂದಿತು. ಆತನು ಗತಿಸಿ ಒಂದು ಶತಮಾನವು ಕಳೆದ ಮೇಲೆಯೂ ಮೈಸೂರಿನ ಸರಕಾರಿ ಲೆಕ್ಕಪತ್ರಗಳಲ್ಲಿ ಈ ಹೆಸರು ಬಳಕೆಯಲ್ಲಿತ್ತು. ಸಂತೆಯಲ್ಲಿ ಧಾನ್ಯವನ್ನು ಮಾರುವ ರೈತನು ನಾಣ್ಯವನ್ನು ಸಂಶಯಪಡದೆ ಸ್ವೀಕರಿಸಬೇಕಾದರೆ ಅದರ ಹಿಂದಿರುವ ಅರಸನಲ್ಲಿ ಆತನಿಗೆ ನಂಬಿಕೆ ಇರಬೇಕು. ಕತ್ತಿಯಿಂದ ಗಳಿಸಲಾಗದ ಆ ನಂಬಿಕೆಯನ್ನು ಕಂಠೀರವನು ಆಡಳಿತದಿಂದ ಗಳಿಸಿದನು.

ನವರಾತ್ರಿಯ ಉತ್ಸವವು ಆತನ ಕಾಲದಲ್ಲಿ ವೈಭವದಿಂದ ನಡೆಯುತ್ತಿತ್ತು. ಆತನ ಆಶ್ರಯದಲ್ಲಿದ್ದ ಕವಿ ಗೋವಿಂದವೈದ್ಯನು 1648ರಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯದಲ್ಲಿ ಶ್ರೀರಂಗಪಟ್ಟಣದ ಬೀದಿಗಳನ್ನೂ, ಅರಸನ ಓಲಗವನ್ನೂ, ಉತ್ಸವದ ವಿನೋದಗಳನ್ನೂ, ರಣದುಲ್ಲಾಖಾನನೊಡನೆ ನಡೆದ ಯುದ್ಧವನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಅರಸನ ಕಣ್ಣೆದುರಿನಲ್ಲಿಯೇ ಬರೆದ ಕಾವ್ಯವಾದುದರಿಂದ ಅದರಲ್ಲಿ ಹೊಗಳಿಕೆಯು ಧಾರಾಳವಾಗಿದೆ. ಆದರೂ ಆ ಕಾಲದ ಜನಜೀವನವನ್ನು ತಿಳಿಯಲು ಅದೊಂದು ಅಮೂಲ್ಯವಾದ ಆಧಾರವಾಗಿದೆ.

ಮೈಸೂರಿನ ದಸರಾ ಉತ್ಸವದಲ್ಲಿ ಉಳಿದುಬಂದಿರುವ ವಜ್ರಮುಷ್ಟಿ ಕಾಳಗವು ಈ ಪರಂಪರೆಗೆ ಸೇರಿದುದು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಜೋಡಿಯಾಗಿ ಎದುರು ನಿಲ್ಲುತ್ತಾರೆ. ಬೆರಳುಗಳಿಗೆ ತೊಟ್ಟ ಹಲ್ಲುಳ್ಳ ಆಯುಧವೇ ವಜ್ರಮುಷ್ಟಿ. ಅದನ್ನು ಹಿಡಿದ ಕೈಯಿಂದ ಹೊಡೆಯಬೇಕು. ಇನ್ನೊಂದು ಕೈಯಿಂದ ತಡೆಯಬೇಕು. ಒಬ್ಬನ ತಲೆಯಲ್ಲಿ ರಕ್ತದ ಮೊದಲ ಹನಿಯು ಕಾಣಿಸಿಕೊಂಡ ಕೂಡಲೇ ಕಾಳಗವು ನಿಲ್ಲುತ್ತದೆ. ಆಮೇಲೆ ಒಂದು ಪೆಟ್ಟೂ ಬೀಳುವಂತಿಲ್ಲ. ಹೊಡೆಯಲು ಕಲಿಯುವುದಕ್ಕೆ ವರ್ಷಗಳು ಬೇಕು. ಹೊಡೆಯಲು ಎತ್ತಿದ ಕೈಯನ್ನು ತಡೆಹಿಡಿಯುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ಶಿಕ್ಷಣವು ಬೇಕು. ಮಲ್ಲವಿದ್ಯೆಯ ಸಾರವು ಈ ನಿಯಮದಲ್ಲಿ ಅಡಗಿದೆ.

ಕಂಠೀರವನು 1659ರ ಜುಲೈ 31ರಂದು ಕಾಲವಾದನು. ಆಗ ಆತನಿಗೆ 44 ವರ್ಷ. 21 ವರ್ಷಗಳ ಆಳ್ವಿಕೆಯಲ್ಲಿ ಆತನು ಸಣ್ಣದಾಗಿದ್ದ ರಾಜ್ಯವನ್ನು ನೆರೆಯವರು ಅಂಜುವಂತಹ ರಾಜ್ಯವನ್ನಾಗಿ ಮಾಡಿದ್ದನು. ಆತನ ತರುವಾಯ ದೊಡ್ಡದೇವರಾಜ ಒಡೆಯನೂ, ಬಳಿಕ ಚಿಕ್ಕದೇವರಾಜ ಒಡೆಯನೂ ಆ ಅಡಿಪಾಯದ ಮೇಲೆ ರಾಜ್ಯವನ್ನು ಕಟ್ಟಿದರು. ಮುಂದೆ ತುಮಕೂರಿನ ಸೀಮೆಯೂ ಮೈಸೂರಿಗೆ ಸೇರಿತು. ಈಗಿನ ತುಮಕೂರು ಪಟ್ಟಣವನ್ನು ನೆಲೆಗೊಳಿಸಿದವನು ಮೈಸೂರಿನ ರಾಜವಂಶಕ್ಕೆ ಸೇರಿದ ಕಂಠೇ ಅರಸನೆಂದು ಪ್ರತೀತಿಯಿದೆ.

ಜನರು ಕಂಠೀರವನನ್ನು ಮರೆಯಲಿಲ್ಲ. ನಾಟಕರಂಗದವರೂ ಚಲನಚಿತ್ರದವರೂ ಆತನ ಕಥೆಯನ್ನು ಎತ್ತಿಕೊಂಡರು. 1960ರಲ್ಲಿ ತೆರೆಕಂಡ ರಣಧೀರ ಕಂಠೀರವ ಚಿತ್ರದಲ್ಲಿ ಅರಸನ ಪಾತ್ರವನ್ನು ವಹಿಸಿದ ರಾಜಕುಮಾರರೂ, ಅದರ ರಚನೆಯಲ್ಲಿ ದುಡಿದ ಜಿ. ವಿ. ಅಯ್ಯರರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. ಗರಡಿಯಂತೆ ನಾಟಕ ಕಂಪನಿಯಲ್ಲಿಯೂ ನಿಲುವು, ನಡಿಗೆ, ಕೈಚಲನೆಗಳನ್ನು ಹಿರಿಯರ ಮುಂದೆ ಮಾಡಿ ತೋರಿಸಿಯೇ ಕಲಿಯಬೇಕಾಗಿತ್ತು. ಹೀಗೆ ಮೂರು ಶತಮಾನಗಳ ಹಿಂದಿನ ಮಲ್ಲದೊರೆಯ ಕಥೆಯನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದವರಲ್ಲಿ ಗುಬ್ಬಿಯ ಗರಡಿಯಲ್ಲಿ ಬೆಳೆದ ಕಲಾವಿದರಿದ್ದರು. ಬೆಂಗಳೂರಿನ ಪ್ರಸಿದ್ಧ ಕ್ರೀಡಾಂಗಣವೊಂದು ಇಂದು ಕಂಠೀರವನ ಹೆಸರನ್ನು ಹೊತ್ತಿದೆ. ಓಟ, ಜಿಗಿತ, ಎಸೆತಗಳ ಸಾಧನೆಗಾಗಿ ಅಲ್ಲಿಗೆ ಹೋಗುವ ತರುಣ ತರುಣಿಯರ ನಾಲಿಗೆಯ ಮೇಲೆ ಆ ಹೆಸರು ದಿನವೂ ನಲಿದಾಡುತ್ತದೆ.

ಶ್ರೀರಂಗಪಟ್ಟಣದಲ್ಲಿ ಕಂಠೀರವನು ಕಟ್ಟಿಸಿದ ನರಸಿಂಹ ದೇವಾಲಯವಿದೆ. ಅಲ್ಲಿ ಆತನದೇ ಒಂದು ಶಿಲಾಮೂರ್ತಿಯನ್ನು ಕಾಣಬಹುದು. ನಿಲುವಂಗಿಯನ್ನು ತೊಟ್ಟು, ಆಯುಧಗಳನ್ನು ಧರಿಸಿ ನಿಂತ ಗಂಭೀರವಾದ ಮೂರ್ತಿ ಅದು. ತಿರುಚಿರಾಪಳ್ಳಿಯ ಮಲ್ಲನನ್ನು ಕೆಡವಿದವನೆಂದು, ಬಿಜಾಪುರದ ಸೈನ್ಯವನ್ನು ಹಿಮ್ಮೆಟ್ಟಿಸಿದವನೆಂದು ಹೆಸರಾದ ಆ ವೀರನ ಎರಡೂ ಕೈಗಳು ಅಲ್ಲಿ ದೇವರ ಮುಂದೆ ಮುಗಿದಿವೆ.